ಮುಟ್ಟುವುದಿಲ್ಲ ಎಂದಿರಿ, ಮರೆಮಾಡುವುದೂ ಬೇಡ: ಮುಂಬಯಿಯ ಶಿವಾಜಿ ಟರ್ಮಿನಸ್ ಕುರಿತು ಒಂದು ಬಹಿರಂಗ ಪತ್ರ

ಇವರಿಗೆ,
ಪ್ರಧಾನ ವ್ಯವಸ್ಥಾಪಕರು,
ಮಧ್ಯ ರೈಲ್ವೆ, ಮುಂಬಯಿ.

ವಿಷಯ: ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಪಾರಂಪರಿಕ ಕಟ್ಟಡವನ್ನು ನಡೆಯುವ ನಿಲ್ದಾಣವಾಗಿಯೇ ಉಳಿಸಿಕೊಳ್ಳುವ ಬಗ್ಗೆ.

ಮಾನ್ಯರೇ,

ಕಟ್ಟಡಗಳ ನಕ್ಷೆ ತಯಾರಿಸುವ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿ ದುಡಿದು ನಿವೃತ್ತನಾದವನು ನಾನು. ಹುಟ್ಟೂರು ಉಡುಪಿಯ ಕಡೆ, ಬದುಕು ಕಟ್ಟಿಕೊಂಡದ್ದು ಡೊಂಬಿವಲಿಯಲ್ಲಿ, ಅನ್ನ ಹುಟ್ಟಿದ್ದು ಮುಂಬಯಿಯ ಕೋಟೆ (ಫೋರ್ಟ್) ಭಾಗದಲ್ಲಿ. ಹಾಗಾಗಿ ತಾವು ಕುಳಿತು ಕೆಲಸ ಮಾಡುವ ಕಟ್ಟಡದ ಕೆಳಗೆ ದಿನಕ್ಕೆರಡು ಸಲ ಹಾದುಹೋಗುವ ಲಕ್ಷಾಂತರ ಮಂದಿಯಲ್ಲಿ ಬಹುಕಾಲ ನಾನೂ ಒಬ್ಬನಾಗಿದ್ದೆ. ಈ ಪತ್ರ ಬರೆಯಲು ನನಗಿರುವ ಅರ್ಹತೆ ಇಷ್ಟೇ. ಕನ್ನಡದಲ್ಲಿ ಬರೆದದ್ದಕ್ಕೆ ಕಾರಣವೂ ಉಂಟು. ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸಾಗಲಿ, ಮಂಗಳೂರಿನ ಗಾಡಿಯಾಗಲಿ ಹೊರಡುವುದು ಇದೇ ನಿಲ್ದಾಣದಿಂದ. ಈ ಕಟ್ಟಡದ ಬಗ್ಗೆ ಮಾತನಾಡುವ ಹಕ್ಕು ಕನ್ನಡಿಗರಿಗೂ ಇದೆಯೆಂದು ನಾನು ನಂಬಿದ್ದೇನೆ.

28 ಸೆಪ್ಟೆಂಬರ್ 2022ರಂದು ಕೇಂದ್ರ ಸಚಿವ ಸಂಪುಟವು ಹೊಸದಿಲ್ಲಿ, ಅಹಮದಾಬಾದ್ ಮತ್ತು ಮುಂಬಯಿಯ ಈ ನಿಲ್ದಾಣಗಳ ಮರುಅಭಿವೃದ್ಧಿಗೆ ಸುಮಾರು 10,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಳಿಗಳ ಮೇಲೆ ವಿಶಾಲವಾದ ರೂಫ್ ಪ್ಲಾಜಾ, ಅದರಲ್ಲಿ ಅಂಗಡಿ, ಉಪಾಹಾರ ಗೃಹ, ಮನರಂಜನೆಯ ಅನುಕೂಲಗಳು ಇರುತ್ತವೆ ಎಂದು ಆಗ ಹೇಳಲಾಯಿತು. ಮುಂಬಯಿಯ ಪಾರಂಪರಿಕ ಕಟ್ಟಡವನ್ನು ಮುಟ್ಟುವುದಿಲ್ಲ ಎಂಬ ಭರವಸೆಯೂ ಜೊತೆಗೇ ಬಂತು. ಆ ಭರವಸೆಯನ್ನು ನಾನು ಸಂಶಯಿಸುತ್ತಿಲ್ಲ. ಆದರೆ ‘ಮುಟ್ಟುವುದಿಲ್ಲ’ ಎಂದರೆ ಸುತ್ತಿಗೆ ತಾಗಿಸುವುದಿಲ್ಲ ಎಂದಷ್ಟೇ ಅರ್ಥವಾಗುವುದಾದರೆ ಅದು ಸಾಲದು. ಕಲ್ಲೊಂದೂ ಅಲುಗದಂತೆ ಕಟ್ಟಡವೊಂದನ್ನು ಕಳೆದುಕೊಳ್ಳುವ ದಾರಿಗಳು ಬೇಕಾದಷ್ಟಿವೆ. ಅದರ ಹಿನ್ನೆಲೆಯ ಆಕಾಶವನ್ನು ಗಾಜಿನ ಗೋಡೆಯಿಂದ ತುಂಬಿಸಬಹುದು. ಅದರ ಕೆಲಸವನ್ನು ಕಿತ್ತುಕೊಂಡು ಬೇರೆಡೆ ಸಾಗಿಸಬಹುದು. ನನ್ನ ಕಳವಳ ಹೆಚ್ಚಾಗಿ ಈ ಎರಡನೆಯದರ ಬಗ್ಗೆ.

ಕಟ್ಟಡದ ಚರಿತ್ರೆಯನ್ನು ತಮಗೆ ಹೇಳಹೊರಡುವುದು ಅಧಿಕಪ್ರಸಂಗವಾದೀತು. ಆದರೂ ಈ ಪತ್ರ ಬಹಿರಂಗವಾದ್ದರಿಂದ ಇತರ ಓದುಗರ ಸಲುವಾಗಿ ಕೆಲವು ಸಂಗತಿಗಳನ್ನು ನೆನಪಿಸಬೇಕು. 16 ಏಪ್ರಿಲ್ 1853ರ ಮಧ್ಯಾಹ್ನ ದೇಶದ ಮೊದಲ ಪ್ರಯಾಣಿಕ ರೈಲು ಠಾಣೆಯತ್ತ ಹೊರಟದ್ದು ಬೋರಿಬಂದರಿನಿಂದ, ಅಂದರೆ ಇದೇ ಜಾಗದಿಂದ. ಆಗ ಇಲ್ಲಿ ಈ ಭವ್ಯತೆ ಇರಲಿಲ್ಲ; ಸಾಧಾರಣ ನಿಲ್ದಾಣವಿತ್ತು. 1871ರ ಹೊತ್ತಿಗೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಹಳಿ ನಮ್ಮ ರಾಯಚೂರಿನವರೆಗೆ ಹೋಗಿ ಮದರಾಸಿನ ಹಳಿಯನ್ನು ಕೂಡಿಕೊಂಡಿತು. ದೇಶದ ಅರ್ಧಭಾಗದ ಹತ್ತಿಯೂ ಜನವೂ ಬಂದಿಳಿಯುವ ಜಾಗಕ್ಕೆ ಆ ಸಾಧಾರಣ ನಿಲ್ದಾಣ ಸಾಲದೆ, 1878ರಲ್ಲಿ ಹೊಸದರ ಕೆಲಸ ಶುರುವಾಯಿತು. ವಾಸ್ತುಶಿಲ್ಪಿ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್. ಹತ್ತು ವರ್ಷ ಹಿಡಿದ ಕೆಲಸ, ಸುಮಾರು 16 ಲಕ್ಷ ರೂಪಾಯಿ ವೆಚ್ಚ. ಇನ್ನೂ ಪೂರ್ತಿ ಮುಗಿಯುವ ಮೊದಲೇ, 1887ರಲ್ಲಿ, ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆಪದಲ್ಲಿ ಅದಕ್ಕೆ ವಿಕ್ಟೋರಿಯಾ ಟರ್ಮಿನಸ್ ಎಂದು ಹೆಸರಿಟ್ಟರು. 1996ರಲ್ಲಿ ಆ ಹೆಸರು ಹೋಗಿ ಶಿವಾಜಿ ಮಹಾರಾಜರ ಹೆಸರು ಬಂತು. ಗಡಿಯಾರದ ಕೆಳಗಿನ ಗೂಡಿನಲ್ಲಿದ್ದ ರಾಣಿಯ ಪ್ರತಿಮೆಯನ್ನು ಅದಕ್ಕೂ ಬಹಳ ಮೊದಲೇ ತೆಗೆಯಲಾಗಿತ್ತು. ಆ ಗೂಡು ಈಗಲೂ ಖಾಲಿ. ಅದನ್ನು ಖಾಲಿಯೇ ಬಿಟ್ಟಿರುವುದು ಸರಿ ಎಂಬುದು ನನ್ನ ಅಭಿಪ್ರಾಯ. ಇತಿಹಾಸದ ಒಂದು ಪುಟ ಹರಿದ ಗುರುತು ಕಾಣುವಂತಿರಬೇಕು. ಅಲ್ಲಿ ಇನ್ನೊಂದು ಬೊಂಬೆ ಕೂರಿಸುವ ಆತುರ ಯಾರಿಗೂ ಬರದಿರಲಿ.

ಈ ಕಟ್ಟಡವನ್ನು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ನಕಲು ಎಂದು ಸಲೀಸಾಗಿ ಹೇಳಿಬಿಡುವವರಿದ್ದಾರೆ. ಪ್ರಭಾವ ಇದ್ದದ್ದು ನಿಜ. ಚೂಪು ಕಮಾನುಗಳು, ಚಿಕ್ಕ ಚಿಕ್ಕ ಗೋಪುರಗಳು, ಇಟಲಿಯ ಗೋಥಿಕ್ ಕಟ್ಟಡಗಳನ್ನು ನೆನಪಿಸುವ ಸಾಲು ಕಿಟಕಿಗಳು ಎಲ್ಲವೂ ಆ ಕಾಲದ ಬ್ರಿಟನ್ನಿನ ರುಚಿಯೇ. ಆದರೆ ಸೇಂಟ್ ಪ್ಯಾಂಕ್ರಾಸ್‌ಗೆ ಗುಮ್ಮಟವಿಲ್ಲ. ಇಲ್ಲಿ ನಟ್ಟನಡುವೆ ಎಂಟು ಮೂಲೆಯ, ಏಣುಗಳುಳ್ಳ ಕಲ್ಲಿನ ಗುಮ್ಮಟ ಎದ್ದು ನಿಂತಿದೆ. ಅದರ ನೆತ್ತಿಯ ಮೇಲೆ ಒಂದು ಕೈಯಲ್ಲಿ ಪಂಜನ್ನೂ ಇನ್ನೊಂದು ಕೈಯಲ್ಲಿ ಚಕ್ರವನ್ನೂ ಹಿಡಿದ ಪ್ರಗತಿದೇವತೆ. ಎರಡೂ ಕಡೆಗೆ ಚಾಚಿಕೊಂಡ ಕಟ್ಟಡದ ರೆಕ್ಕೆಗಳು ಮುಂದಿನ ಅಂಗಳವನ್ನು ಬಳಸಿರುವ ಬಗೆಯನ್ನು ನೋಡಿದರೆ ನಮ್ಮ ಅರಮನೆಗಳ ವಿನ್ಯಾಸ ನೆನಪಿಗೆ ಬರುತ್ತದೆ. ಯುನೆಸ್ಕೊ 2004ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಎತ್ತಿ ಹೇಳಿದ್ದೂ ಈ ಬೆರಕೆಯನ್ನೇ. ಗೇಟಿನ ಎರಡು ಕಂಬಗಳ ಮೇಲೆ ಕೂತ ಸಿಂಹ ಮತ್ತು ಹುಲಿ ಬ್ರಿಟನ್ನನ್ನೂ ಭಾರತವನ್ನೂ ಪ್ರತಿನಿಧಿಸುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಅವನ್ನೂ ಪ್ರಗತಿದೇವತೆಯನ್ನೂ ಮಾಡಿದವನು ಥಾಮಸ್ ಅರ್ಪ್ ಎಂಬ ಶಿಲ್ಪಿ ಎಂದೂ ದಾಖಲಾಗಿದೆ.

ದಾಖಲಾಗದವರ ಮಾತಿಗೆ ಈಗ ಬರುತ್ತೇನೆ. ಕಟ್ಟಡದ ಮರದ ಕೆತ್ತನೆ, ಕಬ್ಬಿಣ ಮತ್ತು ಹಿತ್ತಾಳೆಯ ಕಟಕಟೆಗಳು, ಟಿಕೆಟ್ ಕಿಟಕಿಗಳ ಜಾಲರಿಗಳು, ದೊಡ್ಡ ಮೆಟ್ಟಿಲುಗಳ ಹಿಡಿಕಂಬಿಯ ಅಲಂಕಾರ, ಇವೆಲ್ಲ ಬಾಂಬೆ ಸ್ಕೂಲ್ ಆಫ್ ಆರ್ಟಿನ, ಅಂದರೆ ಇಂದಿನ ಜೆ. ಜೆ. ಕಲಾಶಾಲೆಯ, ವಿದ್ಯಾರ್ಥಿಗಳ ಕೈಕೆಲಸ. ಅಲ್ಲಿನ ಶಿಕ್ಷಕ ಜಾನ್ ಗ್ರಿಫಿತ್ಸ್ ಅದೇ ವರ್ಷಗಳಲ್ಲಿ ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು ಅಜಂತಾದ ಭಿತ್ತಿಚಿತ್ರಗಳನ್ನು ಪ್ರತಿ ಮಾಡಿಸುತ್ತಿದ್ದರು. ಆ ಶಾಲೆಯ ಹುಡುಗರ ಕಣ್ಣು ಎಲ್ಲೆಲ್ಲಿ ಪಳಗಿತ್ತು ಎಂಬುದಕ್ಕೆ ಈ ಕಟ್ಟಡದ ಗೋಡೆಗಳೇ ಸಾಕ್ಷಿ. ಕಮಾನಿನ ಮೇಲಿನ ಅರೆಚಂದ್ರದಲ್ಲಿ ಗರಿ ಬಿಚ್ಚಿದ ನವಿಲಿದೆ. ಕಂಬದ ತಲೆಯ ಎಲೆಬಳ್ಳಿಯ ನಡುವೆ ಕಣ್ಣಿಟ್ಟು ಹುಡುಕಿದರೆ ಮಂಗ ಸಿಗುತ್ತದೆ, ಗೂಬೆ ಸಿಗುತ್ತದೆ. ಬಾಲವನ್ನು ಕಲ್ಲಿನ ಅಂಚಿಗೆ ಸುತ್ತಿಕೊಂಡ ಆ ಮಂಗವನ್ನು ಕೆತ್ತಿದವನು ಮಂಗಗಳನ್ನು ಚೆನ್ನಾಗಿ ಕಂಡವನೇ ಆಗಿರಬೇಕು. ಇಂಗ್ಲೆಂಡಿನಿಂದ ಬಂದ ನಕ್ಷೆಯಲ್ಲಿ ಅಂಥ ಮಂಗ ಇರಲಾರದು. ಸ್ಟೀವನ್ಸ್‌ಗೆ ನೆರವಾದ ಸೀತಾರಾಮ ಖಂಡೇರಾವ್, ಜನಾರ್ದನ ಎಂಬ ಇಬ್ಬರು ಭಾರತೀಯರ ಹೆಸರು ಪುಸ್ತಕಗಳಲ್ಲಿದೆ. ರೈಲ್ವೆ ಕಂಪನಿಯ ನಿರ್ದೇಶಕರ ಸಾಲಿನಲ್ಲಿ ಜಮ್ಷೇಟ್‌ಜಿ ಜೀಜೀಭಾಯಿ ಮತ್ತು ಜಗನ್ನಾಥ ಶಂಕರಶೇಟರ ಮುಖಗಳು ಮುಂಗೋಡೆಯ ಮೇಲೇ ಇವೆ. ಆದರೆ ಕಲ್ಲುಕುಟಿಗರ ಹೆಸರು ಯಾರ ಬಾಯಲ್ಲೂ ಇಲ್ಲ.

ಈ ಎಲ್ಲ ಕೆಲಸದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಉತ್ತರದ ರೆಕ್ಕೆಯಲ್ಲಿರುವ ಟಿಕೆಟ್ ಹಾಲ್. ನೀಲಿ ಬಣ್ಣದ ಚಾವಣಿಯಲ್ಲಿ ಚಿನ್ನದ ನಕ್ಷತ್ರಗಳಿದ್ದುದರಿಂದ ಅದಕ್ಕೆ ಸ್ಟಾರ್ ಚೇಂಬರ್ ಎಂದು ಹೆಸರು. ಇಟಲಿಯ ಅಮೃತಶಿಲೆ, ನಯಗೊಳಿಸಿದ ನಮ್ಮ ನೀಲಿಗಲ್ಲು, ಬಣ್ಣದ ಗಾಜು. ಯುರೋಪಿನಲ್ಲಿ ಇಂಥ ಜಾಗಕ್ಕೆ ಹೋಗಬೇಕಾದರೆ ಪ್ರವೇಶ ಶುಲ್ಕ ಕೊಟ್ಟು ಸಾಲಿನಲ್ಲಿ ನಿಲ್ಲಬೇಕು. ಇಲ್ಲಿಯೂ ಜನ ಸಾಲಿನಲ್ಲೇ ನಿಲ್ಲುತ್ತಾರೆ, ಆದರೆ ಮಸ್ಜಿದ್ ನಿಲ್ದಾಣಕ್ಕೋ ಭಾಂಡೂಪ್ ನಿಲ್ದಾಣಕ್ಕೋ ಟಿಕೆಟ್ ಕೊಳ್ಳಲು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸು, ಕೈಯಲ್ಲಿ ಪರೀಕ್ಷೆಯ ಹಾಲ್‌ಟಿಕೆಟ್ ಹಿಡಿದ ಹುಡುಗ, ಕೋಟೆಯ ಹೋಟೆಲಿನಲ್ಲಿ ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ ದೊಡ್ಡವರಾದ ನಮ್ಮೂರಿನ ಹಿರಿಯರು, ಎಲ್ಲರೂ ಆ ಚಾವಣಿಯ ಕೆಳಗೆ ನಿಂತು ಚಿಲ್ಲರೆ ಎಣಿಸಿದವರೇ. ಅರಮನೆಯಂಥ ಕೋಣೆಯೊಂದು ಹೀಗೆ ಬಡವರ ನಿತ್ಯದ ಉಪಯೋಗದಲ್ಲಿರುವುದು ಜಗತ್ತಿನಲ್ಲಿ ಅಪರೂಪ. ಅದನ್ನು ಕಟ್ಟಿಸಿದ ಸಾಮ್ರಾಜ್ಯದ ಉದ್ದೇಶವೇನೇ ಇರಲಿ, ಅದರ ಗೌರವವನ್ನು ಗಳಿಸಿಕೊಟ್ಟವರು ಹೀಗೆ ಬಳಸಿದ ಜನ.

ಇದಕ್ಕಾಗಿಯೇ 2018ರಲ್ಲಿ ಕೇಳಿಬಂದ ಪ್ರಸ್ತಾವವೊಂದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಕಟ್ಟಡದಲ್ಲಿರುವ ರೈಲ್ವೆ ಕಚೇರಿಗಳನ್ನು ಬೇರೆಡೆ ಸಾಗಿಸಿ ಇಡೀ ಕಟ್ಟಡವನ್ನು ವಿಶ್ವದರ್ಜೆಯ ವಸ್ತುಸಂಗ್ರಹಾಲಯ ಮಾಡಬೇಕೆಂಬ ಮಾತು ಆಗ ಸರ್ಕಾರದ ಮಟ್ಟದಲ್ಲೇ ಎದ್ದಿತ್ತು; ನೌಕರರೂ ಪರಂಪರೆಯ ಬಗ್ಗೆ ಕಾಳಜಿ ಇರುವವರೂ ವಿರೋಧಿಸಿದ್ದರು. ಅಂಥ ಆಲೋಚನೆಯ ಪರವಾಗಿ ಹೇಳಬಹುದಾದ್ದು ಇಲ್ಲವೆಂದಲ್ಲ. ಕಚೇರಿ ಇದ್ದಲ್ಲಿ ಕಡತಗಳ ಕಪಾಟು, ತಾತ್ಕಾಲಿಕ ಪಾರ್ಟಿಶನ್, ಹವಾನಿಯಂತ್ರಣದ ಪೆಟ್ಟಿಗೆ, ವಯರುಗಳ ಗೋಜಲು ಬಂದೇ ಬರುತ್ತವೆ. ಹಳೆಯ ಕಟ್ಟಡಕ್ಕೆ ಇವೆಲ್ಲ ಹಿತವಲ್ಲ. ಪ್ಯಾರಿಸ್ಸಿನ ಓರ್ಸೇ ನಿಲ್ದಾಣ 1986ರಲ್ಲಿ ವಸ್ತುಸಂಗ್ರಹಾಲಯವಾಗಿ ಲೋಕಪ್ರಸಿದ್ಧವಾದ ಉದಾಹರಣೆಯನ್ನೂ ಕೊಡುತ್ತಾರೆ. ಆದರೆ ಓರ್ಸೇಯಲ್ಲಿ ಪ್ಲಾಟ್‌ಫಾರ್ಮುಗಳು ಹೊಸ ಕಾಲದ ಉದ್ದನೆಯ ರೈಲುಗಳಿಗೆ ಸಾಲದಾಗಿ, 1939ರಲ್ಲೇ ದೂರದ ಗಾಡಿಗಳು ನಿಂತುಹೋಗಿದ್ದವು. ನಿಲ್ದಾಣ ಸತ್ತ ಮೇಲೆ ಅಲ್ಲಿ ವಸ್ತುಸಂಗ್ರಹಾಲಯ ಬಂತು. ನಮ್ಮದು 18 ಪ್ಲಾಟ್‌ಫಾರ್ಮುಗಳ ಜೀವಂತ ನಿಲ್ದಾಣ. ಇಲ್ಲಿ ಅನುಸರಿಸಬೇಕಾದ್ದು ಸೇಂಟ್ ಪ್ಯಾಂಕ್ರಾಸ್‌ನ ದಾರಿ. 1960ರ ದಶಕದಲ್ಲಿ ಅದನ್ನು ಕೆಡವುವ ಮಾತಿತ್ತು. ಅದರ ನೆರೆಯ ಯೂಸ್ಟನ್ ನಿಲ್ದಾಣದ ಕಲ್ಲಿನ ಮಹಾದ್ವಾರವನ್ನಂತೂ ಆಗಷ್ಟೇ ಕೆಡವಿಯೂ ಬಿಟ್ಟಿದ್ದರು. ಜನ ಎದ್ದು ನಿಂತದ್ದರಿಂದ 1967ರಲ್ಲಿ ಸೇಂಟ್ ಪ್ಯಾಂಕ್ರಾಸ್‌ಗೆ ಅತ್ಯುನ್ನತ ದರ್ಜೆಯ ರಕ್ಷಣೆ ಸಿಕ್ಕಿತು. 2007ರಲ್ಲಿ ಯುರೋಪಿನ ವೇಗದ ರೈಲುಗಳು ಅಲ್ಲಿಗೇ ಬಂದವು. ಹಳೆಯ ಚಾವಣಿಯ ಕೆಳಗೆ ಹೊಸ ಗಾಡಿ ನಿಂತಿತು.

ನೌಕರರು ಇರುವ ಕಟ್ಟಡದಲ್ಲಿ ಮಳೆ ಸೋರಿದರೆ ಅದೇ ದಿನ ಯಾರಾದರೂ ದೂರು ಕೊಡುತ್ತಾರೆ. ಬೀಗ ಹಾಕಿದ ಪ್ರದರ್ಶನ ಕೋಣೆಯಲ್ಲಿ ಸೋರಿದರೆ ಗೋಡೆ ಹಸಿರುಗಟ್ಟಿದ ಮೇಲೆ ಗೊತ್ತಾಗುತ್ತದೆ. ಈ ನಗರದ ಮಳೆಯನ್ನು ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಳೆಯ ಮಾತು ಬಂದದ್ದರಿಂದ ನನ್ನ ಕಸುಬಿಗೆ ಹತ್ತಿರದ ಒಂದು ವಿಷಯ ಹೇಳಬೇಕು. ಕೆತ್ತನೆಗಳಿಗೆ ಹೆಚ್ಚಾಗಿ ಬಳಸಿದ ಪೋರಬಂದರ್ ಕಲ್ಲು ಮೆತ್ತನೆಯ ಸುಣ್ಣಕಲ್ಲು. ಮೃದುವಾದ್ದರಿಂದಲೇ ಅದರಲ್ಲಿ ನವಿಲಿನ ಗರಿಯ ಎಳೆ ತೆಗೆಯಲು ಸಾಧ್ಯವಾಯಿತು. ಅದು ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಸಂದಿಗಳಲ್ಲಿ ಸುಣ್ಣದ ಗಾರೆ ಇರುವವರೆಗೆ ಈ ವ್ಯವಹಾರ ಸುಸೂತ್ರವಾಗಿ ನಡೆಯುತ್ತದೆ. ಸಂದಿಗೆ ಸಿಮೆಂಟು ತುಂಬಿದರೆ ಬೆವರುವ ಮೈಗೆ ರಬ್ಬರಿನ ಅಂಗಿ ತೊಡಿಸಿದಂತಾಗುತ್ತದೆ. ಹೊರದಾರಿ ಮುಚ್ಚಿದ ತೇವವು ಕಲ್ಲಿನ ಮುಖದಿಂದಲೇ ಹೊರಬರಬೇಕಾಗಿ, ಸಮುದ್ರದ ಗಾಳಿ ತಂದ ಉಪ್ಪು ಅಲ್ಲೇ ಹರಳುಗಟ್ಟಿ, ಕೆತ್ತನೆ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಈ ನಗರದ ಬೇರೊಂದು ಹಳೆಯ ಕಟ್ಟಡದಲ್ಲಿ, ಅದರ ಹೆಸರು ಇಲ್ಲಿ ಬೇಡ, ದುರಸ್ತಿಯ ಹೆಸರಿನಲ್ಲಿ ಗುತ್ತಿಗೆದಾರನೊಬ್ಬ ಹೀಗೆಯೇ ಸಿಮೆಂಟು ಮೆತ್ತಿಸಿದ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಎಲೆಯ ಕೆತ್ತನೆಯಿದ್ದ ಕಡೆ ಬೆರಳಾಡಿಸಿದರೆ ಹಿಟ್ಟು ಅಂಟುತ್ತಿತ್ತು. ಹಾಳಾದ ಆ ಕೆತ್ತನೆಯ ಅಳತೆ ತೆಗೆದು ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆದ್ದರಿಂದ ಮರುಅಭಿವೃದ್ಧಿಯ ದೊಡ್ಡ ಟೆಂಡರಿನೊಳಗೆ ಈ ಕಲ್ಲಿನ ದುರಸ್ತಿಯನ್ನು ಒಂದು ಸಾಲಾಗಿ ಸೇರಿಸಿಬಿಡಬೇಡಿ. ಅದು ಬೇರೆಯದೇ ವಿದ್ಯೆ. ಬಲ್ಲವರ ಕೈಗೆ ಪ್ರತ್ಯೇಕವಾಗಿ ಕೊಡಬೇಕಾದ್ದು.

ಅಡಿಪಾಯದ ಕೆಲಸದ ಅದುರಿನ ಬಗ್ಗೆಯೂ ನನಗೆ ಭಯವಿದೆ. ಗುಮ್ಮಟದ ಕೆಳಗಿನ ಮಹಾಮೆಟ್ಟಿಲುಗಳ ಒಂದು ತುದಿ ಮಾತ್ರ ಗೋಡೆಯಲ್ಲಿ ನಾಟಿದೆ. ಇನ್ನೊಂದು ತುದಿ ಕೆಳಗೆ ಆಧಾರವಿಲ್ಲದೆ ನಿಂತಿದೆ. ರೈಲುಗಳ ನಿತ್ಯದ ಅದುರನ್ನು ಈ ಕಟ್ಟಡ ಶತಮಾನಕ್ಕೂ ಹೆಚ್ಚು ಕಾಲ ತಾಳಿಕೊಂಡಿದೆ ಎಂಬ ಧೈರ್ಯದಿಂದ, ಹತ್ತಿರದಲ್ಲೇ ಆಳವಾದ ಕಂಬಗಳನ್ನು ಇಳಿಸುವಾಗಿನ ಹೊಡೆತವನ್ನೂ ತಾಳಿಕೊಳ್ಳುತ್ತದೆ ಎಂದು ಲೆಕ್ಕ ಹಾಕುವುದು ಸರಿಯಲ್ಲ. ಗೋಡೆಗಳಲ್ಲಿ ಅದುರು ಅಳೆಯುವ ಉಪಕರಣಗಳನ್ನು ಕೆಲಸ ಆರಂಭಿಸುವ ಮೊದಲೇ ಕೂರಿಸಬೇಕು. ಮಿತಿ ಮೀರಿದ ದಿನ ಕೆಲಸ ನಿಲ್ಲಿಸುವ ಅಧಿಕಾರ ಸ್ಥಳದಲ್ಲೇ ಇರುವ ಒಬ್ಬ ಸಂರಕ್ಷಣಾ ಎಂಜಿನಿಯರ್‌ಗೆ ಇರಬೇಕು.

ಇನ್ನು ನೋಟದ ವಿಷಯ. ನಿಲ್ದಾಣದ ಎದುರಿನ ವೃತ್ತದಲ್ಲಿ ನಿಂತು ಒಮ್ಮೆ ಸುತ್ತ ನೋಡಿದರೆ, ಒಂದು ಕಡೆ ಸ್ಟೀವನ್ಸನೇ ವಿನ್ಯಾಸ ಮಾಡಿ 1893ರಲ್ಲಿ ಮುಗಿದ ಮಹಾನಗರ ಪಾಲಿಕೆಯ ಕಟ್ಟಡ. ಸ್ವಲ್ಪ ಆಚೆಗೆ ಜಾನ್ ಬೆಗ್ ವಿನ್ಯಾಸದ, 1913ರಲ್ಲಿ ಮುಗಿದ ಪ್ರಧಾನ ಅಂಚೆ ಕಚೇರಿ. ಅಂಚೆ ಕಚೇರಿಯ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಲಗುಮ್ಮಟ. ಇದನ್ನು ಊರಿಂದ ಬಂದ ನೆಂಟರಿಗೆಲ್ಲ ಹೇಳಿ ಹೆಮ್ಮೆಪಡುವುದು ನನ್ನ ಹಳೆಯ ಚಾಳಿ. ಯುನೆಸ್ಕೊ ಪಟ್ಟಿಯಲ್ಲಿ ನಿಲ್ದಾಣದ ಪಾಲು 2.85 ಹೆಕ್ಟೇರ್ ಮಾತ್ರ. ಅದರ ಸುತ್ತಲಿನ ರಕ್ಷಣಾ ವಲಯ 90.21 ಹೆಕ್ಟೇರ್. ಕಟ್ಟಡದ ಬೆಲೆ ಅದರ ಸುತ್ತಲಿನ ಬಯಲನ್ನೂ ನೆರೆಯ ಕಟ್ಟಡಗಳನ್ನೂ ಕೂಡಿಕೊಂಡದ್ದು ಎಂಬ ತಿಳುವಳಿಕೆಯಿಂದಲೇ ಇಷ್ಟು ದೊಡ್ಡ ವಲಯವನ್ನು ಗುರುತಿಸಿದ್ದಾರೆ. ಹಿಂದೆ ಏಳುವ ಹೊಸ ಕಟ್ಟಡವು ಪ್ರಗತಿದೇವತೆಯ ಬೆನ್ನಿಗೆ ಗೋಡೆಯಾಗಿ ನಿಂತರೆ, ‘ಮುಟ್ಟುವುದಿಲ್ಲ’ ಎಂಬ ಮಾತು ಅಕ್ಷರಶಃ ಉಳಿದೂ ಸುಳ್ಳಾಗುತ್ತದೆ. ರಾತ್ರಿಯ ದೀಪಾಲಂಕಾರದ ಬಗ್ಗೆಯೂ ಒಂದು ಮಾತು: ಹಬ್ಬದ ದಿನ ತ್ರಿವರ್ಣ ಬೆಳಗುವುದಕ್ಕೆ ಯಾರ ತಕರಾರೂ ಇರಲಾರದು. ಉಳಿದ ದಿನಗಳಲ್ಲಿ ನೇರಳೆ, ಗುಲಾಬಿ ಬೆಳಕಿಗಿಂತ ಕಲ್ಲಿನ ಸ್ವಂತ ಬಣ್ಣ ಕಾಣುವಂಥ ಮಂದ ಬೆಳಕು ಈ ಕಟ್ಟಡಕ್ಕೆ ಒಪ್ಪುತ್ತದೆ.

ಪ್ರಯಾಣಿಕರ ಅನುಕೂಲ ಹೆಚ್ಚಬಾರದು ಎಂದು ನಾನು ಹೇಳುತ್ತಿಲ್ಲ. ಸಂಜೆಯ ಹೊತ್ತಿನ ನೂಕುನುಗ್ಗಲಿನಲ್ಲಿ ನಲುಗಿದವನು ಹಾಗೆ ಹೇಳಲಾರ. ಮುದುಕರಿಗೆ ಲಿಫ್ಟ್ ಬೇಕು, ಶೌಚಾಲಯ ಬೇಕು, ದೂರದ ಗಾಡಿಗೆ ಕಾಯುವವರಿಗೆ ಕೂರಲು ಜಾಗ ಬೇಕು. ಈ ನಿಲ್ದಾಣ ಬದಲಾಗುತ್ತಲೇ ಬಂದಿದೆ. 1925ರಲ್ಲಿ ದೇಶದ ಮೊದಲ ವಿದ್ಯುತ್ ರೈಲು ಕುರ್ಲಾಗೆ ಹೊರಟದ್ದು ಇಲ್ಲಿಂದ. 1929ರಲ್ಲಿ ಪ್ಲಾಟ್‌ಫಾರ್ಮುಗಳು ವಿಸ್ತರಿಸಿದವು. 26 ನವೆಂಬರ್ 2008ರ ರಾತ್ರಿ ದೂರದ ಗಾಡಿಗಳ ಹಾಲಿನಲ್ಲಿ ಉಗ್ರರ ಗುಂಡಿಗೆ 58 ಜನ ಸತ್ತರು. ಮರುದಿನವೂ ಗಾಡಿ ಓಡಿತು. ಇಷ್ಟೆಲ್ಲವನ್ನೂ ಕಂಡ ಕಟ್ಟಡ ಇನ್ನೊಂದು ವಿಸ್ತರಣೆಗೆ ಹೆದರುವಂಥದ್ದಲ್ಲ. ವಿಸ್ತರಣೆ ಹಳೆಯದರ ಕೆಲಸವನ್ನು ಹಂಚಿಕೊಳ್ಳಲಿ, ಕಸಿದುಕೊಳ್ಳುವುದು ಬೇಡ ಎಂಬುದಷ್ಟೇ ನನ್ನ ವಾದ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಹೀಗಿವೆ. ಮೊದಲನೆಯದಾಗಿ, ಪಾರಂಪರಿಕ ಕಟ್ಟಡದಲ್ಲಿ ರೈಲ್ವೆಯ ಕಚೇರಿಗಳೂ ಸ್ಟಾರ್ ಚೇಂಬರಿನಲ್ಲಿ ಟಿಕೆಟ್ ಕಿಟಕಿಗಳೂ ಮುಂದುವರಿಯುತ್ತವೆ ಎಂದು ಲಿಖಿತವಾಗಿ ಪ್ರಕಟಿಸಬೇಕು. ಮೊಬೈಲಿನಲ್ಲಿ ಟಿಕೆಟ್ ತೆಗೆಯುವವರು ಹೆಚ್ಚಿದಂತೆ ಕಿಟಕಿಗಳು ಕಡಿಮೆಯಾಗಬಹುದು. ಆದರೂ ಆ ಹಾಲು ಹಣ ಕೊಟ್ಟು ಒಳಹೋಗುವ ಲೌಂಜ್ ಆಗದೆ, ಟಿಕೆಟ್ ಇದ್ದವರೂ ಇಲ್ಲದವರೂ ಬಂದುಹೋಗುವ ಜಾಗವಾಗಿಯೇ ಉಳಿಯಬೇಕು. ಎರಡನೆಯದಾಗಿ, ರೂಫ್ ಪ್ಲಾಜಾ ಮತ್ತು ಹೊಸ ಕಟ್ಟಡಗಳ ಪೂರ್ಣ ನಕ್ಷೆಗಳನ್ನು, ಅದರಲ್ಲೂ ಪಾಲಿಕೆಯ ಕಡೆಯಿಂದ ನೋಡಿದಾಗ ಗುಮ್ಮಟದ ಹಿಂದೆ ಏನು ಕಾಣುತ್ತದೆ ಎಂಬುದನ್ನು ಅಳತೆಯ ಸಮೇತ ತೋರಿಸುವ ಚಿತ್ರಗಳನ್ನು, ನಿಲ್ದಾಣದಲ್ಲೇ ಸಾರ್ವಜನಿಕರ ಮುಂದಿಡಬೇಕು. ಪರಂಪರೆಯ ಮೇಲಾಗುವ ಪರಿಣಾಮದ ವರದಿಯೂ ಅದರ ಜೊತೆಗಿರಲಿ. ಬಣ್ಣಬಣ್ಣದ ಕಲ್ಪನಾಚಿತ್ರ ಕಂಡು ಅಳತೆ ತಿಳಿಯುವುದಿಲ್ಲ. ಇದನ್ನು ಅಂಥ ಚಿತ್ರಗಳ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ. ಕಲ್ಲಿನ ದುರಸ್ತಿ ಮತ್ತು ಅದುರಿನ ನಿಗಾ ಕುರಿತು ಮೇಲೆ ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ.

ಕೊನೆಯದು ಚಿಕ್ಕ ಕೋರಿಕೆ, ಖರ್ಚೂ ಕಡಿಮೆ. ಟಿಕೆಟ್ ಸಾಲಿನಲ್ಲಿ ನಿಂತವರ ಕಣ್ಣಿಗೆ ಬೀಳುವ ಎತ್ತರದಲ್ಲಿ ಒಂದು ಫಲಕ ಹಾಕಿಸಿ. ಆ ಜಾಲರಿ, ಆ ಕೆತ್ತನೆ ಯಾರ ಕೆಲಸ ಎಂದು ಅದರಲ್ಲಿ ಬರೆಯಿರಿ, ಜೆ. ಜೆ. ಕಲಾಶಾಲೆಯ ಹಳೆಯ ಕಡತಗಳಲ್ಲಿ ಹುಡುಕಿಸಿ, ವಿದ್ಯಾರ್ಥಿಗಳ ಹೆಸರು ಸಿಕ್ಕಷ್ಟನ್ನು ಸೇರಿಸಿ. ಮರಾಠಿ, ಹಿಂದಿ, ಇಂಗ್ಲಿಷಿನ ಜೊತೆಗೆ ಇಲ್ಲಿಂದ ಗಾಡಿ ಹೊರಡುವ ನಾಡುಗಳ ಭಾಷೆಗಳಿಗೂ ಜಾಗವಿದ್ದರೆ ಸಂತೋಷ.

ಈ ಪತ್ರಕ್ಕೆ ತಮ್ಮ ಕಚೇರಿಯಿಂದ ಉತ್ತರ ಬಂದರೆ, ಅದನ್ನೂ ಇದೇ ರೀತಿ ಬಹಿರಂಗವಾಗಿ ಕನ್ನಡದ ಓದುಗರ ಮುಂದಿಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಮುಂಬಯಿ ಕನ್ನಡಿಗ,
ಡೊಂಬಿವಲಿ.